ಫಿಟ್ಟರ್ ಸಾಹೇಬರ ಗಿರಗಿಟ್ಲೆ

ನನ್ನ ಕಪಾಟಿನಲ್ಲಿ, ನಿಘಂಟಿನ ಪಕ್ಕದಲ್ಲಿ, ತಿರುಗಿಸಿದರೆ ಗರ್ರೆನ್ನುವ ಒಂದು ಮರದ ಗಿರಗಿಟ್ಲೆ ಇದೆ. ಎಪ್ಪತ್ತು ದಾಟಿದ ನಿವೃತ್ತ ಕನ್ನಡ ಮೇಷ್ಟರ ಮನೆಯಲ್ಲಿ ಮಕ್ಕಳಾಟಿಕೆಗೆ ಏನು ಕೆಲಸ ಎಂದು ಬಂದವರು ಕೇಳುತ್ತಾರೆ. ಮೊಮ್ಮಕ್ಕಳದ್ದು ಎಂದು ಸುಳ್ಳು ಹೇಳುತ್ತೇನೆ. ನಿಜ ಹೇಳಲು ಹೊರಟರೆ ಪರ್ಷಿಯಾ ದೇಶದ ರಾಜನೊಬ್ಬನಿಂದ ಶುರುಮಾಡಿ ರಾಮನಗರದ ರೇಷ್ಮೆ ಮೆಷಿನ್ನುಗಳವರೆಗೆ ಬರಬೇಕು. ಅಷ್ಟರಲ್ಲಿ ಕಾಫಿ ಆರಿಹೋಗುತ್ತದೆ, ಬಂದವರು ಮೊಬೈಲು ತೆಗೆಯುತ್ತಾರೆ. ಇಲ್ಲಿ ಆ ಎರಡೂ ಭಯವಿಲ್ಲವಾದ್ದರಿಂದ ಹೇಳುತ್ತೇನೆ.

ಇಪ್ಪತ್ತು ವರ್ಷ ನನ್ನ ಪಕ್ಕದ ಮನೆಯಲ್ಲಿದ್ದವರ ಹೆಸರನ್ನು ಮಾತ್ರ ಬರೆಯುವುದಿಲ್ಲ. ಊರಿನಲ್ಲೂ ಅವರ ಹೆಸರು ಹೇಳಿ ಕರೆದವರನ್ನು ನಾನು ಕಾಣೆ. ಕೊಂಕಣದ ಕಡೆಯಿಂದ ರಾಮನಗರಕ್ಕೆ, ರೇಷ್ಮೆ ನೂಲಿನ ರೀಲಿಂಗ್ ಮೆಷಿನ್ನು ಕೂರಿಸುವ ಕೆಲಸಕ್ಕೆ ಆರು ತಿಂಗಳ ಮಟ್ಟಿಗೆ ಎಂದು ಬಂದು ನಲವತ್ತು ವರ್ಷ ಉಳಿದುಬಿಟ್ಟರು. ಅವರು ಫಿಟ್ಟರ್ ಸಾಹೇಬರು. ಅವರ ಹೆಂಡತಿ ಸಾಹೇಬರಮ್ಮ. ನಮ್ಮ ಬೀದಿಯ ರೇಷನ್ ಅಂಗಡಿಯಿಂದ ಹಿಡಿದು ನೂಲು ತೆಗೆಯುವ ರೀಲರುಗಳ ಮನೆಗಳವರೆಗೆ ಅಷ್ಟೇ ಸಾಕಾಗಿತ್ತು.

ಸಾಕಾಗದೆ ಇದ್ದದ್ದು ಒಂದೇ: ಇವರು ಯಾವ ಜನ? ಹಂದಿ ಮುಟ್ಟುವುದಿಲ್ಲ, ಸುನ್ನತಿ ಆಗಿದೆ, ಆದರೆ ಮಸೀದಿಗೆ ಹೋಗುವುದಿಲ್ಲ. ಹಳೆಯ ಬೈಬಲ್ಲಿನ ಹೆಸರು, ಆದರೆ ಚರ್ಚಿಗೆ ಹೋಗುವುದಿಲ್ಲ. ಮನೆಯಲ್ಲಿ ಮರಾಠಿ, ಹಬ್ಬಕ್ಕೆ ಒಬ್ಬಟ್ಟು, ಆದರೆ ದೇವರ ಪಟವೇ ಇಲ್ಲ. ಈ ವಿಷಯದಲ್ಲಿ ನಮ್ಮ ಬೀದಿಯ ವಿದ್ವಾಂಸರು ಹಲವು ಸಂಜೆಗಳನ್ನು ವ್ಯಯಿಸಿದ್ದರು. ಕೊನೆಗೆ ಒಂದು ದಿನ ಮನೆಮನೆ ಗಣತಿಗೆ ಬಂದವನು ಬಾಗಿಲಲ್ಲಿ ನಿಂತು ಕೇಳಿಯೇ ಬಿಟ್ಟ.

"ಹಿಂದೂನಾ ಸಾರ್, ಸಾಬ್ರಾ, ಕ್ರಿಶ್ಚಿಯನ್ನಾ?"

"ಯಹೂದಿ."

"ಅದು ಯಾವ್ದರಲ್ಲಿ ಬತ್ತದೆ ಸಾರ್?"

"ಯಾವುದರಲ್ಲೂ ಬರುವುದಿಲ್ಲಪ್ಪ."

ಅವನು ಕಾಗದವನ್ನು ಮೇಲಿಂದ ಕೆಳಗೆ ಎರಡು ಸಲ ನೋಡಿ, ತನಗೇ ಸಮಾಧಾನವಾಗುವಂತೆ ಹೇಳಿದ: "ಇತರೆ ಅಂತ ಐತೆ ಸಾರ್. ಅದ್ರಲ್ಲಿ ಹಾಕ್ಬುಡ್ತೀನಿ."

ಅಂದಿನಿಂದ ಸಾಹೇಬರು ಹೊಸಬರಿಗೆ ತಮ್ಮ ಪರಿಚಯವನ್ನು ಕೈಮುಗಿದು ಹೇಳಿಕೊಳ್ಳುತ್ತಿದ್ದರು: "ನಾನು ಇತರೆ. ಇವಳೂ ಇತರೆ. ಈ ಊರಲ್ಲಿ ನಮ್ಮ ಜನಾಂಗ ಬಲು ದೊಡ್ಡದು, ಇಬ್ಬರಿದ್ದೇವೆ."

ಕಿವಿಯೇ ಅವರ ಆಸ್ತಿ. ಬೀದಿಯಲ್ಲಿ ನಡೆಯುತ್ತಾ ನಡೆಯುತ್ತಾ ಯಾರದೋ ರೀಲಿಂಗ್ ಶೆಡ್ಡಿನ ಮುಂದೆ ಥಟ್ಟನೆ ನಿಂತು, ನಾಡಿ ಹಿಡಿದ ಪಂಡಿತರ ಮುಖಮಾಡಿ, "ಮೂರನೇ ಗಾಲಿಯ ಬೇರಿಂಗ್ ಇನ್ನು ಎಂಟು ದಿನ" ಎಂದು ಹೇಳಿ ಮುಂದೆ ನಡೆಯುವರು. ಎಂಟನೆಯ ದಿನಕ್ಕೆ ಅದು ಹೋಗಿರುತ್ತಿತ್ತು. ಹತ್ತಿರದಿಂದ ನೋಡಬೇಕಾದರೆ ಸ್ಕ್ರೂಡ್ರೈವರಿನ ತುದಿಯನ್ನು ಮೆಷಿನ್ನಿನ ಮೇಲಿಟ್ಟು, ಹಿಡಿಯನ್ನು ಕಿವಿಗೆ ಒತ್ತಿಕೊಂಡು, ಕಣ್ಣು ಮುಚ್ಚುವರು. ಆಗ ಶೆಡ್ಡಿನಲ್ಲಿ ಯಾರೂ ಮಾತಾಡುವಂತಿರಲಿಲ್ಲ. ನನ್ನ ಇಡೀ ಸರ್ವೀಸಿನಲ್ಲಿ ಯಾವ ತರಗತಿಯೂ ನನ್ನ ಮುಂದೆ ಅಷ್ಟು ನಿಶ್ಶಬ್ದವಾಗಿ ಕೂತದ್ದಿಲ್ಲ.

ಶನಿವಾರ ಮಾತ್ರ ಅವರು ಸ್ಪ್ಯಾನರ್ ಮುಟ್ಟುತ್ತಿರಲಿಲ್ಲ. ರಾಮನಗರದ ಮೆಷಿನ್ನುಗಳಿಗೆ ಇದು ಹೇಗೆ ತಿಳಿಯಿತೋ, ಅವು ಶನಿವಾರವೇ ಕೆಡುತ್ತಿದ್ದವು. ರೀಲರೊಬ್ಬ ಬಾಗಿಲಲ್ಲಿ ನಿಂತು ಗೋಳಾಡುತ್ತಿದ್ದ: "ಸಾಹೇಬ್ರೇ, ರೇಷ್ಮೆಗೂಡು ಬಿಸಿನೀರಲ್ಲಿ ಅವೆ. ಒಸಿ ಬಂದು ನೋಡ್ಬುಡಿ, ನಿಮ್ ದಮ್ಮಯ್ಯ."

ಸಾಹೇಬರು ಕುರ್ಚಿ ಬಿಟ್ಟು ಏಳದೆ, ಯಾವ ನಟ್ಟು, ಎಷ್ಟು ಸುತ್ತು, ಯಾವ ಕಡೆಗೆ ಎಂದು ಬಾಯಲ್ಲೇ ಹೇಳಿ ಕಳಿಸುವರು. ಒಂದು ಸಲ ನಾನು ಕೆಣಕಿದೆ: "ಬಾಯಲ್ಲಿ ಹೇಳಿಕೊಟ್ಟರೂ ಅದು ಕೆಲಸ ಆಗಲಿಲ್ಲವೇ ಸಾಹೇಬರೇ?"

"ಮೇಷ್ಟ್ರೇ, ನೀವು ಮೂವತ್ತಮೂರು ವರ್ಷ ಬಾಯಲ್ಲಿ ಹೇಳಿಕೊಟ್ಟಿರಿ. ಅದನ್ನು ಕೆಲಸ ಅಂತ ಯಾರಾದರೂ ಅಂದರೇ?"



ಇನ್ನು ಗಿರಗಿಟ್ಲೆಯ ಸಂಗತಿ. ಹೆಚ್ಚೂಕಡಿಮೆ ನಮ್ಮ ಕಾಮನ ಹುಣ್ಣಿಮೆಯ ಹೊತ್ತಿಗೆ ಅವರಿಗೊಂದು ಹಬ್ಬ, ಪೂರಿಮ್ ಎಂದು. ಅದರ ಕಥೆ ಸರಳ. ಪರ್ಷಿಯಾದ ರಾಜನ ಮಂತ್ರಿಯೊಬ್ಬ ಯಹೂದಿಗಳನ್ನೆಲ್ಲ ಒಂದೇ ದಿನದಲ್ಲಿ ಕೊಲ್ಲಿಸಬೇಕೆಂದು ಚೀಟಿ ಎತ್ತಿ ದಿನ ಗೊತ್ತುಮಾಡಿದ. ರಾಜನ ರಾಣಿಯೇ ಯಹೂದಿ ಹೆಣ್ಣು ಎಂಬುದು ಅವನಿಗೆ ತಿಳಿದಿರಲಿಲ್ಲ. ರಾಣಿ ರಾಜನಿಗೆ ಎಲ್ಲವನ್ನೂ ಹೇಳಿಬಿಟ್ಟಳು, ಕೊನೆಗೆ ಮಂತ್ರಿ ಇನ್ನೊಬ್ಬನಿಗೆಂದು ತಾನು ನಿಲ್ಲಿಸಿದ ಗಲ್ಲುಗಂಬಕ್ಕೆ ತಾನೇ ಏರಿದ. ಈ ಕಥೆಯನ್ನು ಚರ್ಮದ ಸುರುಳಿಯಿಂದ ಹೀಬ್ರೂ ಭಾಷೆಯಲ್ಲಿ ಓದಬೇಕು, ಎಲ್ಲರೂ ಕೂತು ಕೇಳಬೇಕು. ಓದುವಾಗ ಆ ಮಂತ್ರಿಯ ಹೆಸರು ಬಂದಾಗಲೆಲ್ಲ ಗಿರಗಿಟ್ಲೆ ತಿರುಗಿಸಿ, ಆ ಹೆಸರು ಯಾರ ಕಿವಿಗೂ ಬೀಳದಂತೆ ಸದ್ದಿನಲ್ಲಿ ಹೂತುಹಾಕಬೇಕು. ಹೆಸರು ಐವತ್ತಕ್ಕೂ ಹೆಚ್ಚು ಸಲ ಬರುತ್ತದೆ.

ಬೆಂಗಳೂರಿನಲ್ಲಿ ಅವರ ಜನ ಕೆಲವು ಮನೆಯವರಿದ್ದರು. ಅಲ್ಲಿ ಅಪಾರ್ಟ್‌ಮೆಂಟಿನಲ್ಲಿ ಗಿರಗಿಟ್ಲೆ ತಿರುಗಿಸಿದರೆ ಮಂತ್ರಿಯ ಬದಲು ಸಂಘದ ಸೆಕ್ರೆಟರಿ ಜಗಳಕ್ಕೆ ಬರುತ್ತಾನೆ. ರಾಮನಗರದಲ್ಲಾದರೆ ಸುತ್ತ ರೀಲಿಂಗ್ ಮೆಷಿನ್ನು. ಆ ಗದ್ದಲದ ನಡುವೆ ಇನ್ನಷ್ಟು ಗದ್ದಲಕ್ಕೆ ಯಾರ ಅಭ್ಯಂತರವೂ ಇಲ್ಲ. ಹಾಗಾಗಿ ಹಬ್ಬದ ಬೆಳಗಿನ ಓದು ಸಾಹೇಬರ ಮನೆಯಲ್ಲಿ, ನಲವತ್ತು ವರ್ಷ ತಪ್ಪದೆ. ಬಂದವರಿಗೆಲ್ಲ ಚನ್ನಪಟ್ಟಣದ ಹೊಸ ಗಿರಗಿಟ್ಲೆ, ಓದು ಮುಗಿದ ಮೇಲೆ ಅದು ಅವರ ಮನೆಗೆ. ಸಾಹೇಬರೇ ನಕ್ಷೆ ಬರೆದು ಕೊಟ್ಟಿದ್ದರು: ಹಿಡಿಯ ಮೇಲೊಂದು ಹಲ್ಲುಚಕ್ರ, ಅದಕ್ಕೆ ತಾಗುವಂತೆ ಬಿದಿರಿನ ನಾಲಿಗೆ. ಮಾಡುತ್ತಿದ್ದವನು ಬೊಂಬೆ ಕೆಲಸದ ಗೌಸ್ ಭಾಯಿ, ಅವನಿಗೆ ಮೊದಲು ಅವನಪ್ಪ. ಹಾಲೆ ಮರ, ಹಳದಿ ಕೆಂಪು ಅರಗು, ಕನ್ನಡಿಯಂಥ ಹೊಳಪು. ಅಪ್ಪನ ಕಾಲದಲ್ಲಿ ನಲವತ್ತು ಗಿರಗಿಟ್ಲೆ ಬೇಕಾಗುತ್ತಿದ್ದವಂತೆ. ನಾನು ಪಕ್ಕದ ಮನೆಗೆ ಬರುವಷ್ಟರಲ್ಲಿ ಹದಿನೈದು. ಕೆಲವರು ದೇಶ ಬಿಟ್ಟರು, ಮಿಕ್ಕವರು ಒಬ್ಬೊಬ್ಬರಾಗಿ ಲೋಕವನ್ನೇ ಬಿಟ್ಟರು. ಹೋದ ವರ್ಷ ಹೇಳಿದ್ದು ಆರು: ದಂಪತಿಗಳಿಬ್ಬರು, ಬೆಂಗಳೂರಿನ ನಾಲ್ವರು. ಆ ನಾಲ್ವರಲ್ಲಿ ಚಿಕ್ಕವರಿಗೆ ಎಪ್ಪತ್ತಮೂರು.

ನಾನು ಪ್ರತಿವರ್ಷ ಬಾಗಿಲ ಬಳಿ ಸ್ಟೂಲು ಹಾಕಿಕೊಂಡು ಕೂರುತ್ತಿದ್ದೆ. ಸಾಹೇಬರು ಓದುತ್ತಾ ಓದುತ್ತಾ ಎಡಗೈಯ ತೋರುಬೆರಳು ಎತ್ತುವರು, ಹೆಸರು ಬಂತೆಂದು ಅರ್ಥ. ಕೂಡಲೇ ಗರ್ರೋ ಎಂದು ಶುರುವಾಗುವುದು. ಒಮ್ಮೆ ಕೇಳಿದೆ, "ಆ ಮಹಾಶಯನ ಹೆಸರಾದರೂ ಏನು ಸಾಹೇಬರೇ?"

"ಅದು ಕೇಳಿಸಬಾರದು ಅಂತಲೇ ಅಲ್ಲವೇ ಮೇಷ್ಟ್ರೇ ಇಷ್ಟೆಲ್ಲ ಖರ್ಚು?"

ಪುಸ್ತಕದಲ್ಲಿ ಹುಡುಕಬಹುದಿತ್ತು. ಹುಡುಕಲಿಲ್ಲ. ಒಂದು ಮನೆ ವರ್ಷ ವರ್ಷ ಅಷ್ಟು ಶ್ರಮಪಟ್ಟು ಮುಚ್ಚುವುದನ್ನು ಹಿಂಬಾಗಿಲಿನಿಂದ ಹೋಗಿ ನೋಡುವುದು ಸಭ್ಯತೆಯಲ್ಲ ಎಂದುಕೊಂಡೆ.

ಓದು ಮುಗಿದ ಮೇಲೆ ಸಾಹೇಬರಮ್ಮ ತಟ್ಟೆಗೆ ಬಟ್ಟೆ ಮುಚ್ಚಿಕೊಂಡು ನಮ್ಮ ಮನೆಗೆ ಬರುವರು. ಹಬ್ಬದ ದಿನ ಸ್ನೇಹಿತರಿಗೆ ಎರಡು ಬಗೆಯ ತಿಂಡಿ ಕಳಿಸಲೇಬೇಕು ಎಂಬುದು ಅವರ ಕಟ್ಟಳೆ. ಎರಡರಲ್ಲಿ ಒಂದು ಯಾವಾಗಲೂ ಒಬ್ಬಟ್ಟು. ನನ್ನವಳು ತಟ್ಟೆ ಇಸಿದುಕೊಳ್ಳುತ್ತಾ ಪ್ರತಿವರ್ಷ ಒಂದೇ ಮಾತು: "ಉಗಾದಿಗೆ ಇನ್ನೂ ಹದಿನೈದು ದಿವ್ಸ ಐತೆ, ನಿಮ್ಮನೇಲಿ ಆಗ್ಲೇ ಒಬ್ಬಟ್ಟಾ ಸಾಹೇಬ್ರಮ್ಮ?" ಅವರ ಉತ್ತರವೂ ಒಂದೇ: "ನಮ್ಮ ಶತ್ರು ನಿಮ್ಮ ಉಗಾದಿ ತನಕ ಕಾಯ್ಲಿಲ್ಲವಮ್ಮ."

ಹೋದ ವರ್ಷ ಹಬ್ಬಕ್ಕೆ ಹನ್ನೆರಡು ದಿನ ಇದೆ ಎನ್ನುವಾಗ ಸಾಹೇಬರಮ್ಮ ತೀರಿಕೊಂಡರು. ಮೂರು ದಿನದ ಜ್ವರ, ಅಷ್ಟೇ. ಸಾಹೇಬರು ಅಂಗಿಯ ಕೊರಳಪಟ್ಟಿಯನ್ನು ತಾವೇ ಹರಿದುಕೊಂಡರು, ಅದು ಅವರಲ್ಲಿ ಪದ್ಧತಿ. ಬೆಂಗಳೂರಿನಲ್ಲಿ ಮಣ್ಣು ಮಾಡಿ ಬಂದು ಏಳು ದಿನ ನೆಲದಲ್ಲಿ, ಮೋಟು ಮಣೆಯ ಮೇಲೆ ಕೂತರು. ಸಾವಿನ ಮನೆಯಲ್ಲಿ ಒಲೆ ಹಚ್ಚಬಾರದು ಎಂಬುದರಲ್ಲಿ ಅವರಿಗೂ ನಮಗೂ ಭೇದವಿಲ್ಲವಾದ್ದರಿಂದ ಬೀದಿಯವರು ಸರದಿಯಂತೆ ಊಟ ಒಯ್ದೆವು. ಹರಿದ ಅಂಗಿಯನ್ನು ನೋಡಲಾರದೆ ಎದುರುಮನೆಯ ದರ್ಜಿ, "ಕೊಡಿ ಸಾಹೇಬ್ರೇ, ಎರಡು ನಿಮಿಷದ ಕೆಲ್ಸ, ಗೊತ್ತೇ ಆಗ್ದಂಗೆ ಹೊಲ್ದುಕೊಡ್ತೀನಿ" ಎಂದ. ಸಾಹೇಬರು ಅವನ ಕೈ ಹಿಡಿದುಕೊಂಡು, "ಗೊತ್ತಾಗಲಿ ಅಂತಲೇ ಹರಿದಿರುವುದಪ್ಪ" ಎಂದರು.

ಎಂಟನೆಯ ದಿನ ಬೆಂಗಳೂರಿನಿಂದ ಫೋನು. ಈ ಸಲ ಓದು ಬೇಡ, ದುಃಖದ ಮನೆಯಲ್ಲಿ ಗದ್ದಲ ಹೇಗೆ ಮಾಡುವುದು, ಮುಂದಿನ ವರ್ಷ ನೋಡೋಣ ಎಂದು ನಾಲ್ವರ ಅಭಿಪ್ರಾಯ. ಸಾಹೇಬರು ಫೋನು ಕೆಳಗಿಟ್ಟು ನನ್ನ ಕಡೆ ತಿರುಗಿದರು.

"ಅಳುವುದಕ್ಕೂ ನಮ್ಮಲ್ಲಿ ರಜೆ ಉಂಟು ಮೇಷ್ಟ್ರೇ. ಈ ಹಬ್ಬಕ್ಕೆ ಮಾತ್ರ ರಜೆ ಇಲ್ಲ. ಹೆಂಡತಿ ಸತ್ತವನೂ ಬಂದು ಕೇಳಲೇಬೇಕು, ಅದು ಶಾಸ್ತ್ರ. ಶಾಸ್ತ್ರ ಹಾಗಿರಲಿ. ಮುಂದಿನ ವರ್ಷ ಅನ್ನುತ್ತಾರಲ್ಲ, ಐದು ಜನ ಮುದುಕರಿಗೆ ಯಾವ ಮುಂದಿನ ವರ್ಷ? ಮೆಷಿನ್ನು ನಿಂತರೆ ನಾನು ರಿಪೇರಿ ಮಾಡಿಯೇನು. ಇದು ಒಂದು ವರ್ಷ ನಿಂತರೆ ನಿಂತೇಹೋಯಿತು."

ಮತ್ತೆ ತಾವೇ ಫೋನು ಮಾಡಿ ನಾಲ್ವರನ್ನೂ ಒಪ್ಪಿಸಿದರು. ಒಪ್ಪಿಸಿದರು ಎನ್ನುವುದಕ್ಕಿಂತ ಬೈದರು. ಮರಾಠಿಯಾದ್ದರಿಂದ ಪೂರ್ತಿ ತಿಳಿಯಲಿಲ್ಲ.

ಇಲ್ಲಿ ಈ ಲೇಖಕನ ಪಾತ್ರವನ್ನು ದಾಖಲಿಸತಕ್ಕದ್ದು. ಗಿರಗಿಟ್ಲೆಗಳನ್ನು ಸಾಹೇಬರು ಹೆಂಡತಿ ಇರುವಾಗಲೇ ಹೇಳಿಬಂದಿದ್ದರು. "ಹೋದ ಸಲದ್ದು ಮೆತ್ತಗಾಯಿತು, ಈ ಸಲ ಬೀದಿಗೆಲ್ಲ ಕೇಳಬೇಕು" ಎಂದೂ ತಾಕೀತು ಮಾಡಿದ್ದರು. ನಾನು ಚನ್ನಪಟ್ಟಣಕ್ಕೆ ಫೋನು ಮಾಡಿ ಸಾವಿನ ಸುದ್ದಿ ತಿಳಿಸಿದೆ.  ಗೌಸ್ ಭಾಯಿ ಕೇಳಿದ: "ಮತ್ತೆ ಗಿರಗಿಟ್ಲೆ ಬೇಕಾ ಮೇಷ್ಟ್ರೇ?"

"ಬೇಕಂತೆ ಕಣಪ್ಪ. ಆದ್ರೆ ಸಾವಿನ ಮನೆ. ಒಸಿ ನೋಡ್ಕೊಂಡು ಮಾಡು, ಸದ್ದು ಕಮ್ಮಿ ಇರ್ಲಿ."

ಯಾರೂ ನನ್ನನ್ನು ಕೇಳಿರಲಿಲ್ಲ. ಮೇಷ್ಟ್ರಾಗಿದ್ದವನಿಗೆ ಕೇಳದೆ ತಿದ್ದುವ ಚಾಳಿ ನಿವೃತ್ತಿಯ ಜೊತೆ ಹೋಗುವುದಿಲ್ಲ.

ಹಬ್ಬದ ದಿನ ಬೆಳಗಾಗುವ ಮೊದಲೇ ಪಕ್ಕದ ಮನೆಯಲ್ಲಿ ಪಾತ್ರೆ ಬೀಳುವ ಸದ್ದು. ಹೋಗಿ ನೋಡಿದರೆ ಸಾಹೇಬರು ಒಬ್ಬಟ್ಟು ಮಾಡುತ್ತಿದ್ದಾರೆ. ಕಣಕದ ಉಂಡೆಗಳು ಒಂದೇ ಅಳತೆಯಲ್ಲಿ, ಬೇರಿಂಗಿನ ಗುಂಡುಗಳಂತೆ ಸಾಲಾಗಿವೆ. ಲಟ್ಟಿಸಿದವು ಮಾತ್ರ ಒಂದೂ ಮಾತು ಕೇಳಿಲ್ಲ, ಹೂರಣವೆಲ್ಲ ಹೊರಗೆ ಬಂದು ಕಾವಲಿಯ ಮೇಲೆ ಕರಿಯಾಗಿದೆ. "ನನ್ನವಳನ್ನು ಕರೀಲಾ?" ಎಂದೆ. "ಬೇಡ. ನಮ್ಮ ಮನೆಯಿಂದ ನಿಮ್ಮ ಮನೆಗೆ ಬರಬೇಕಾದ್ದನ್ನು ನಿಮ್ಮವರೇ ಮಾಡಿದರೆ ಅದು ಯಾವ ಲೆಕ್ಕ?" ಎಂದು ಇನ್ನೊಂದನ್ನು ಸುಟ್ಟರು.

ಬೆಳಗಿನ ರೈಲಿಗೆ ನಾಲ್ವರೂ ಬಂದರು: ಅಣ್ಣತಮ್ಮಂದಿರಿಬ್ಬರು, ಸಾಹೇಬರಮ್ಮನ ತಂಗಿ, ನರ್ಸಾಗಿದ್ದ ಒಬ್ಬ ಹೆಂಗಸು. ಗೌಸ್ ಭಾಯಿ ಬಿಳಿ ಟೋಪಿ ಹಾಕಿ, ಬೇರೆಯವರ ಕೈಲಿ ಕಳಿಸದೆ ತಾನೇ ಗಿರಗಿಟ್ಲೆ ತಂದಿದ್ದ. ಸಾಹೇಬರ ಎರಡೂ ಕೈ ಹಿಡಿದು, ಆಮೇಲೆ ಬಂದು ನನ್ನ ಪಕ್ಕದಲ್ಲಿ ಕೂತ. ಆರರಲ್ಲಿ ಒಂದು ಮಿಕ್ಕಿತು. ಸಾಹೇಬರು ಅದನ್ನು ಸ್ವಲ್ಪ ಹೊತ್ತು ಹಿಡಿದಿದ್ದು, ಬಾಗಿಲ ಬಳಿ ಬಂದು ನನ್ನ ಕೈಗಿಟ್ಟರು. "ಅವಳದು. ಇಪ್ಪತ್ತು ವರ್ಷ ಬರೀ ನೋಡಿದ್ದೀರಿ. ಬೆರಳು ಎತ್ತುತ್ತೇನೆ, ಜೋರಾಗಿ ತಿರುಗಿಸಿ."

ಓದು ಶುರುವಾಯಿತು. ಸಾಹೇಬರ ಸ್ವರ ಗಟ್ಟಿಯಾಗಿಯೇ ಇತ್ತು. ಸ್ವಲ್ಪ ಹೊತ್ತಿನ ಮೇಲೆ ಎಡಗೈಯ ಬೆರಳು ಎದ್ದಿತು. ನಾವೆಲ್ಲ ತಿರುಗಿಸಿದೆವು.

ಸದ್ದೇ ಇಲ್ಲ.

ಗಿರಗಿಟ್ಲೆ ತಿರುಗುತ್ತಿದೆ, ಬೆಣ್ಣೆಯಲ್ಲಿ ತಿರುಗಿದಂತೆ. ಆರು ಜನರ ಕೈಯಲ್ಲೂ ಹಾಗೇ. ಸಾಹೇಬರು ಓದು ನಿಲ್ಲಿಸಿ ತಮ್ಮದನ್ನು ಕಿವಿಗೆ ಒತ್ತಿಕೊಂಡು, ಕಣ್ಣು ಮುಚ್ಚಿ, ನಿಧಾನವಾಗಿ ಒಂದು ಸುತ್ತು ತಿರುಗಿಸಿದರು. ನಾನು ನನ್ನದನ್ನು ಬೆಳಕಿಗೆ ಹಿಡಿದು ನೋಡಿದೆ. ಚಕ್ರಕ್ಕೆ ಹಲ್ಲೇ ಇಲ್ಲ. ನುಣ್ಣಗೆ ತೀಡಿ ಮೇಲೆ ಅರಗು ಹಚ್ಚಿದ್ದಾನೆ, ನಾಲಿಗೆಯ ಕೆಳಗೆ ಮೆತ್ತನೆಯ ಬಟ್ಟೆಯ ಚೂರು. ಅಷ್ಟು ಅಚ್ಚುಕಟ್ಟಿನ ಕೆಲಸವನ್ನು ಅವನು ಹಿಂದೆಂದೂ ಮಾಡಿರಲಿಲ್ಲ. ನಾನು ಸದ್ದು ಕಮ್ಮಿ ಎಂದಿದ್ದೆ. ಸಾವಿನ ಮನೆಗೆ ಯಾವ ಸದ್ದೂ ಸಲ್ಲದು ಎಂದು ಅವನ ಮನಸ್ಸು ಹೇಳಿತ್ತು.

ಸಾಹೇಬರು ಕಣ್ಣು ಬಿಟ್ಟು ಗೌಸ್ ಭಾಯಿಯನ್ನು ನೋಡಿದರು. ಅವನು ತಲೆ ತಗ್ಗಿಸಿ, ಕೈ ಕಟ್ಟಿಕೊಂಡು, ಗೋರಿಯ ಮುಂದೆ ಕೂತವನಂತೆ ಕೂತಿದ್ದ. ಅಣ್ಣತಮ್ಮಂದಿರಲ್ಲಿ ಹಿರಿಯರು ಕಾಲಾದರೂ ಬಡಿಯೋಣ ಎಂಬಂತೆ ಪಾದ ಎತ್ತಿದರು. ಸದ್ದಿಗೆ ಕಾಲೂ ಆಗುತ್ತದಂತೆ, ಅದೂ ಪದ್ಧತಿಯೇ. ಸಾಹೇಬರು ಅವರ ಮಂಡಿಯ ಮೇಲೆ ಕೈ ಇಟ್ಟು ತಡೆದರು. ಮರಾಠಿಯಲ್ಲಿ ಮೆಲ್ಲಗೆ ಏನೋ ಹೇಳಿದರು. ಅರ್ಥವನ್ನು ಆಮೇಲೆ ನರ್ಸಮ್ಮನವರು ಹೇಳಿದರು: "ಪಾಪ, ಅವಳಿಗೋಸ್ಕರ ಮಾಡಿದ್ದಾನೆ. ಅವನ ಮುಂದೆ ಬೇಡ."

ಮತ್ತೆ ಓದಿದರು. ಬೆರಳು ಎದ್ದಾಗಲೆಲ್ಲ ಆರು ಜನವೂ ಹಲ್ಲಿಲ್ಲದ ಗಿರಗಿಟ್ಲೆಯನ್ನು ಗಂಭೀರವಾಗಿ, ಶ್ರದ್ಧೆಯಿಂದ, ಒಂದು ಹನಿ ಸದ್ದಿಲ್ಲದೆ ತಿರುಗಿಸಿದೆವು. ಅಂದು ವಿದ್ಯುತ್ತೂ ಇರಲಿಲ್ಲ, ಸುತ್ತಲ ಮೆಷಿನ್ನುಗಳೂ ನಿಂತಿದ್ದವು. ಆ ಮೌನದಲ್ಲಿ ಐವತ್ತಕ್ಕೂ ಹೆಚ್ಚು ಸಲ ಆ ಹೆಸರು ಗಂಟೆ ಹೊಡೆದಷ್ಟು ಸ್ಪಷ್ಟವಾಗಿ ಕೇಳಿಸಿತು. ನಲವತ್ತು ವರ್ಷ ಆ ಮನೆಯಲ್ಲಿ ಕೇಳಿಸದೆ ಇದ್ದ ಹೆಸರು. ಪ್ರತಿ ಸಲವೂ ಸಾಹೇಬರ ಸ್ವರ ಸ್ವಲ್ಪ ಕೆಳಗಿಳಿಯುತ್ತಾ ಹೋಯಿತು. ಕೊನೆಕೊನೆಗೆ ಬೆರಳು ಎತ್ತುವುದನ್ನೂ ಬಿಟ್ಟರು. ಸಾಹೇಬರಮ್ಮನ ತಂಗಿ ಗಿರಗಿಟ್ಲೆಯನ್ನು ಮಡಿಲಲ್ಲಿಟ್ಟುಕೊಂಡು ಅಳುತ್ತಿದ್ದರು.

ಮಧ್ಯಾಹ್ನ ಅವರನ್ನೆಲ್ಲ ರೈಲು ಹತ್ತಿಸಿ ಬಂದು ಸಾಹೇಬರು ನಮ್ಮ ಜಗಲಿಯಲ್ಲಿ ಕೂತರು. ಬಟ್ಟೆ ಮುಚ್ಚಿದ ತಟ್ಟೆ ಕೈಯಲ್ಲಿತ್ತು.

"ಓದು ನಿಲ್ಲಲಿಲ್ಲವಲ್ಲ ಸಾಹೇಬರೇ," ಎಂದೆ.

"ನಿಲ್ಲಲಿಲ್ಲ. ಆ ಮಂತ್ರಿಯ ಹೆಸರೂ ನಿಲ್ಲಲಿಲ್ಲ." ತಟ್ಟೆಯ ಬಟ್ಟೆ ಸರಿಸಿ ನನ್ನ ಮುಂದೆ ಹಿಡಿಯುತ್ತಾ, "ಗೌಸ್‌ಗೆ ಹೇಳಬೇಡಿ. ಮುಂದಿನ ವರ್ಷ ನಾನೇ ಹೇಳಿ ಹಲ್ಲು ಹಾಕಿಸುತ್ತೇನೆ."

ಸದ್ದು ಕಮ್ಮಿ ಮಾಡೆಂದವನು ನಾನೇ ಎಂದು ಆಗ ಹೇಳಬೇಕಿತ್ತು. ಸುಟ್ಟ ಒಬ್ಬಟ್ಟು ಬಾಯಲ್ಲಿತ್ತು. ಅದನ್ನು ನುಂಗುವಷ್ಟರಲ್ಲಿ ಅವರು ಎದ್ದು ಹೋಗಿದ್ದರು.

ಆ ಮೇಲೆ ನಾಲ್ವರಲ್ಲಿ ಇಬ್ಬರು ಮಳೆಗಾಲದೊಳಗೆ ತೀರಿಕೊಂಡರು. ಸಾಹೇಬರು ಹೆಂಡತಿಯ ಗೋರಿಗೆ ಕಲ್ಲು ಹಾಕಿಸಿ, ನನ್ನನ್ನೂ ಕರೆದುಕೊಂಡು ಹೋಗಿ, ಕಲ್ಲಿನ ಮೇಲೆ ರಸಮಟ್ಟ ಇಟ್ಟು ನೋಡಿದರು. "ಒಂದು ಕೂದಲೆಳೆ ಎಡಕ್ಕೆ ವಾಲಿದೆ. ಇರಲಿ, ಅವಳೂ ಎಡಕ್ಕೇ ಒರಗಿ ಮಲಗುತ್ತಿದ್ದಳು" ಎಂದರು. ದೀಪಾವಳಿ ಕಳೆದು ಹದಿನೈದು ದಿನಕ್ಕೆ, ಕುರ್ಚಿಯಲ್ಲಿ ಕೂತಲ್ಲೇ, ಅವರೂ ಹೋದರು. ಶನಿವಾರವಾದ್ದರಿಂದ ಮಣ್ಣು ಮಾಡಲು ಒಂದು ದಿನ ಕಾಯಬೇಕಾಯಿತು. ಹೊರಲು ಅವರ ಜನ ಸಾಲದೆ ರೀಲರುಗಳು ಹೆಗಲು ಕೊಟ್ಟರು. ಅವರ ಕಲ್ಲು ಇನ್ನೂ ಬಂದಿಲ್ಲ. ಬರೆಸಬೇಕಾದವರು ನಾಲ್ವರಲ್ಲಿ ಉಳಿದ ಇಬ್ಬರು; ಒಬ್ಬರಿಗೆ ನೆನಪು ಹೋಗಿದೆ, ಇನ್ನೊಬ್ಬರು ಹಾಸಿಗೆ ಬಿಟ್ಟು ಏಳುವುದಿಲ್ಲ.

ಈ ವರ್ಷ ಕಾಮನ ಹುಣ್ಣಿಮೆಯ ಬೆಳಿಗ್ಗೆ ಗೌಸ್ ಭಾಯಿ ನಮ್ಮ ಬಾಗಿಲಿಗೆ ಬಂದ. ಚೀಲದಿಂದ ಒಂದೇ ಒಂದು ಗಿರಗಿಟ್ಲೆ ತೆಗೆದು ಮೇಜಿನ ಮೇಲಿಟ್ಟ. ಚಕ್ರದ ತುಂಬ ಹಲ್ಲು.

"ಯಾರು ಹೇಳಿದ್ರಪ್ಪ ನಿಂಗೆ?" ಎಂದೆ.

"ಯಾರು ಹೇಳ್ಬೇಕು ಮೇಷ್ಟ್ರೇ? ಸಾಹೇಬ್ರು ಕಿವಿಗೆ ಇಟ್ಕೊಂಡ್ರಲ್ಲ, ಆವಾಗ್ಲೇ ತಿಳೀತು, ತಪ್ಪು ಮಾಡ್ಬುಟ್ಟೆ ಅಂತ."

"ಮತ್ತೆ ಅಲ್ಲೇ ಬಾಯಿ ಬಿಡಬಾರದಿತ್ತೇನಯ್ಯ? ಕಾಲಾದ್ರೂ ಬಡೀತಿದ್ವಿ. ನಿನಗೆ ಬೇಜಾರಾಯ್ತದೆ ಅಂತ ಎಲ್ಲರೂ ಸುಮ್ಕಿದ್ರು."

"ನೀವೆಲ್ಲ ಅಷ್ಟು ಮರ್ಯಾದೆಯಿಂದ ತಿರುಗಿಸ್ತಿದ್ರಿ. ನಿಮ್ಗೆ ಬೇಜಾರಾಯ್ತದೆ ಅಂತ ನಾನೂ ಸುಮ್ಕಿದ್ದೆ."

ನನ್ನ ಪಾಲಿನ ತಪ್ಪನ್ನು ಅವನಿಗಾದರೂ ಹೇಳಿದೆ. ಅವನು ತಲೆ ಅಲ್ಲಾಡಿಸಿದ. "ನೀವು ಕಮ್ಮಿ ಅಂದ್ರಿ. ಪೂರ್ತಿ ತೆಗ್ದೋನು ನಾನು," ಎಂದ. ಅದರಿಂದ ಇಬ್ಬರಿಗೂ ಏನೂ ಹಗುರವಾಗಲಿಲ್ಲ.

ಪಕ್ಕದ ಮನೆಗೆ ಹೊಸ ಬಾಡಿಗೆಯವರು ಬಂದಿದ್ದಾರೆ. ಸುರುಳಿ ಬೆಂಗಳೂರಿಗೆ ಹೋಗಿದೆ, ಯಾವ ಕಪಾಟಿನಲ್ಲಿದೆಯೋ. ಕಥೆ ಓದುವವರು ಈ ಊರಿನಲ್ಲಿ ಇಲ್ಲ. ಆ ದುಷ್ಟನ ಹೆಸರು ಮಾತ್ರ ನನಗೆ ಬಾಯಿಪಾಠವಾಗಿದೆ, ಬೇಡವೆಂದರೂ ಮರೆಯುವುದಿಲ್ಲ. ಇಲ್ಲಿ ಬರೆಯಲಾರೆ, ಆ ಮನೆಯ ಶಿಸ್ತು.

"ಒಂದ್ಸಲ ತಿರುಗ್ಸಿ ಮೇಷ್ಟ್ರೇ," ಎಂದ ಗೌಸ್ ಭಾಯಿ. "ಸಾಹೇಬ್ರು ಹೇಳ್ದಂಗೆ ಬಂದೈತಾ ನೋಡಿ."

ಆ ಹೆಸರನ್ನು ಮನಸ್ಸಿನಲ್ಲೇ ಅಂದುಕೊಂಡು ತಿರುಗಿಸಿದೆ. ಕಿಟಕಿಯ ಗಾಜು ನಡುಗುವಷ್ಟು ಸದ್ದು. ನಿಜಕ್ಕೂ ಬೀದಿಗೆಲ್ಲ ಕೇಳಿಸುವಂತಿತ್ತು. ಮೂರನೆಯ ಸುತ್ತಿಗೆ ಪಕ್ಕದ ಮನೆಯ ಬಾಗಿಲು ತೆರೆದು ಹೊಸ ಬಾಡಿಗೆಯವನು ಇಣುಕಿದ.

"ಏನ್ ಸಾರ್ ಅದು? ಒಸಿ ಮೆತ್ತಗೆ. ಕೂಸು ಈಗ ತಾನೇ ಮಲಗೈತೆ."

"ತಪ್ಪಾಯ್ತಪ್ಪ," ಎಂದು ನಿಲ್ಲಿಸಿದೆ.